ಗಂಟು ಬಿಚ್ಚಿದರೆ ಕನ್ನಡವೇ ಇರಲಿಲ್ಲ

ಹನ್ನೆರಡು ವರ್ಷ ಬರೆದು ಹಾಕಿದ್ದನ್ನೆಲ್ಲ ಒಂದು ಜಾಲತಾಣ ಜಿಪ್ ಕಡತವಾಗಿ ಕಟ್ಟಿ ಕಳಿಸಿತು. ಕೋರಿಕೆ ಹಾಕಿ, ಎರಡು ದಿನ ಕಾದು, ಇಳಿಸಿಕೊಂಡು ಬಿಚ್ಚಿ ನೋಡಿದರೆ ಒಂದಕ್ಷರ ಕನ್ನಡ ಇಲ್ಲ! ತಲೆ ಮೇಲೆ ಓರೆ ಗೀಟು ಹೊತ್ತ ರೋಮನ್ ಎ, ಪಕ್ಕದಲ್ಲಿ ಪುಟಾಣಿ 2, ಆಮೇಲೊಂದು ಖಾಲಿ ಚೌಕ. ಮತ್ತೆ ಎ, ಮತ್ತೆ 2. ಪುಟಗಟ್ಟಲೆ ಇದೇ. ಇಂಗ್ಲಿಷಿನಲ್ಲಿ ಹಾಕಿದ್ದ ನಾಲ್ಕಾರು ಹುಟ್ಟುಹಬ್ಬದ ಶುಭಾಶಯ ಮಾತ್ರ ನೆಟ್ಟಗಿದ್ದವು.

ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಕಂಪ್ಯೂಟರು ಮಾಹಿತಿ ಇಡುವ ಪುಟ್ಟ ಗೂಡಾದ ಒಂದು ಬೈಟ್‌ನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಹಾಗಾಗಿ ಯುಟಿಎಫ್-8 ಎಂಬ ಪದ್ಧತಿ ಅದನ್ನು ಮೂರು ಬೈಟ್‌ಗಳಾಗಿ ಒಡೆದು ಇಡುತ್ತದೆ: 224, 178, 149. ಓದುವ ತಂತ್ರಾಂಶ 224 ಕಂಡ ಕೂಡಲೇ ‘ಇನ್ನೆರಡು ಬರಲಿವೆ, ಮೂರೂ ಸೇರಿ ಒಂದಕ್ಷರ’ ಎಂದು ಅರಿಯಬೇಕು. ನನ್ನ ಗಂಟು ಕಟ್ಟಿದ ತಂತ್ರಾಂಶವೋ, ಮೂರನ್ನೂ ಬಿಡಿಬಿಡಿ ಅಕ್ಷರಗಳೆಂದು ಬರೆದುಬಿಟ್ಟಿತ್ತು. ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಲ್ಯಾಟಿನ್-1 ಪಟ್ಟಿಯಲ್ಲಿ 224 ಎಂದರೆ ಆ ಗೀಟು ಹೊತ್ತ ಎ, 178 ಎಂದರೆ ಪುಟಾಣಿ 2. ಕನ್ನಡದ ಅಕ್ಷರಗಳೆಲ್ಲ 224ರಿಂದಲೇ ಶುರುವಾಗುತ್ತವೆ, ಅದಕ್ಕೇ ಎಲ್ಲಿ ನೋಡಿದರೂ ಅದೇ ಎ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕು. ಪರೀಕ್ಷೆ ಮಾಡಿದವರು ಇಂಗ್ಲಿಷಿನಲ್ಲಷ್ಟೇ ಮಾಡಿ ಕೈ ತೊಳೆದುಕೊಂಡಿರಬೇಕು.

ಪುಣ್ಯಕ್ಕೆ ಬೈಟ್ ಒಂದೂ ಕಳೆದಿರಲಿಲ್ಲ. ಹೋದ ದಾರಿಯಲ್ಲೇ ಹಿಂದಕ್ಕೆ ನಡೆಸುವ ಐದಾರು ಸಾಲಿನ ಪ್ರೋಗ್ರಾಂ ಒಂದನ್ನು ಪೈಥಾನ್ ಭಾಷೆಯಲ್ಲಿ ಬರೆದೆ. ಮೊದಲು ಎದ್ದು ಬಂದದ್ದು ‘ಕರೆಂಟು ಹೋಗಿದೆ’. ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳು ಕೂತಿದ್ದರೆ ಕತೆ ಮುಗಿದಿತ್ತು, ಅಲ್ಲಿ ಹಿಂದಕ್ಕೆ ನಡೆಯಲು ದಾರಿಯೇ ಉಳಿದಿರುವುದಿಲ್ಲ.

ಬರೆದವರಿಗೆ ಬರೆದದ್ದನ್ನು ಹಿಂತಿರುಗಿಸಬೇಕೆಂಬ ವಿವೇಕ ಬಂದದ್ದೂ ತಡವಾಗಿಯೇ. 2009ರ ಅಕ್ಟೋಬರ್‌ನಲ್ಲಿ ಯಾಹೂ, ಜನ ಸ್ವಂತ ಪುಟ ಕಟ್ಟಿಕೊಳ್ಳುತ್ತಿದ್ದ ತನ್ನ ಜಿಯೋಸಿಟೀಸ್ ತಾಣವನ್ನು ಮುಚ್ಚಿದಾಗ, ಮುಚ್ಚಿಹೋಗುವ ತಾಣಗಳನ್ನು ಉಳಿಸುವ ಆರ್ಕೈವ್ ಟೀಮ್‌ನ ಸ್ವಯಂಸೇವಕರು ಹಗಲಿರುಳು ನಕಲು ಮಾಡಿ ಕೈಲಾದಷ್ಟು ಉಳಿಸಿದರು. ನಮ್ಮ ಮಾಹಿತಿಯನ್ನು ಇಳಿಸಿಕೊಳ್ಳಲು ಬಿಡುವ ಗೂಗಲ್‌ನ ಟೇಕ್‌ಔಟ್ ಬಂದದ್ದು 2011ರಲ್ಲಿ. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್‌ನದೇ ಸಾಮಾಜಿಕ ಜಾಲತಾಣ ಆರ್ಕುಟ್ ಬಾಗಿಲು ಹಾಕಿದಾಗ ಅಲ್ಲಿನ ನಮ್ಮ ಸಂದೇಶಗಳನ್ನು, ಅಂದರೆ ಸ್ಕ್ರ್ಯಾಪ್‌ಗಳನ್ನು, ಹೊತ್ತೊಯ್ಯಲು ಟೇಕ್‌ಔಟ್ ಮೂಲಕವೇ ಎರಡು ವರ್ಷ ಗಡುವು ಸಿಕ್ಕಿತು. ನಾನು ಒಯ್ಯಲಿಲ್ಲ, ಅದು ಬೇರೆ ಮಾತು.

ಯುರೋಪಿನಲ್ಲಿ 2018ರ ಮೇ 25ರಿಂದ ನಮ್ಮ ಮಾಹಿತಿಯನ್ನು ಹಿಂದಕ್ಕೆ ಪಡೆಯುವುದು ಕಾನೂನಿನ ಹಕ್ಕು: ಎಲ್ಲೆಡೆ ಬಳಕೆಯಲ್ಲಿರುವ, ಯಂತ್ರ ಓದಬಲ್ಲ ರೂಪದಲ್ಲೇ ಕೊಡಬೇಕು. ನಮ್ಮಲ್ಲೂ 2019ರ ವೈಯಕ್ತಿಕ ಮಾಹಿತಿ ರಕ್ಷಣೆ ಮಸೂದೆಯಲ್ಲಿ ಅಂಥ ಹಕ್ಕಿತ್ತು. 2023ರ ಕಾಯ್ದೆಯಾಗುವ ಹೊತ್ತಿಗೆ ಅದನ್ನು ಕೈಬಿಟ್ಟರು. ಅಂದಹಾಗೆ, ನನ್ನ ಕಡತವೂ ‘ಯಂತ್ರ ಓದಬಲ್ಲ’ದ್ದೇ. ಯಂತ್ರಕ್ಕೆ ಆ ಎ, 2 ಓದಲು ಯಾವ ತಕರಾರೂ ಇರಲಿಲ್ಲ.

ಸರಿಪಡಿಸಿದ ಮೇಲೆ ರಾತ್ರಿಯೆಲ್ಲ ಕೂತು ಓದಿದೆ. ನಾನು ಬರೆದದ್ದೆಲ್ಲ ಇತ್ತು, ಬೇರೆಯವರು ಬರೆದದ್ದು ಇರಲಿಲ್ಲ. ಅದು ಅವರ ಸೊತ್ತು, ನನ್ನ ಗಂಟಿಗೆ ಸೇರದಿರುವುದು ನ್ಯಾಯವೇ. ಆದರೆ 2013ರ ಒಂದು ಪ್ರತಿಕ್ರಿಯೆ: ‘ಅಯ್ಯೋ, ಹೌದು, ಅದೇ ಮರ!’ ಯಾರಿಗೆ ಹೇಳಿದ್ದೆನೋ, ಯಾವ ಮರವೋ.