ಕೆನೆ ತೆಗೆದ ಮೂಟೆ

ಯುರೋಪಿನಲ್ಲಿ ಹಳೆ ಬಟ್ಟೆಯ ಡಬ್ಬಿಗೆ ಮೂಟೆ ಹಾಕಿದವರೆಲ್ಲ ಕೇಳುವುದು ಒಂದೇ: 'ಇದು ರೀಸೈಕಲ್ ಆಗುತ್ತೆ ತಾನೇ?' ಸ್ವಲ್ಪ ಆಗುತ್ತದೆ. ಆದರೆ ಹಳೆ ಬಟ್ಟೆ ಕೂಡಿಸಿ ವಿಂಗಡಿಸುವ ಈ ಕಸುಬಿನಲ್ಲಿ ರೀಸೈಕಲ್‌ನಿಂದ ಯಾರ ಸಂಬಳವೂ ಹುಟ್ಟುವುದಿಲ್ಲ. ದಾನಿಗಳಿಗೂ ಪುರಸಭೆಯವರಿಗೂ ಎಷ್ಟು ಸಲ ಹೇಳಿದರೂ ತಲೆಗೆ ಹತ್ತದ ಮಾತು ಇದು.

ಫ್ರಾನ್ಸಿನ ಲ ರಲೇ ಸಂಸ್ಥೆಯನ್ನೇ ನೋಡಿ. ಬಡವರಿಗೆ ನೆರವಾಗುವ ಎಮಾಯುಸ್ ಬಳಗಕ್ಕೆ ಸೇರಿದ್ದು, 1984ರಲ್ಲಿ ಶುರುವಾದದ್ದು. ಕೆಲಸ ಸಿಗದವರಿಗೆ ಕೆಲಸ ಕೊಡುವುದು ಮೂಲ ಉದ್ದೇಶ; ಬಟ್ಟೆ ಅದಕ್ಕೊಂದು ದಾರಿ. ಇಂಥ ವಿಂಗಡಣೆ ಶೆಡ್‌ನಲ್ಲಿ ಚೀಲ ಬಿಚ್ಚಿ ಮೊದಲು ಕೋಟು, ಜೀನ್ಸ್, ಹಾಸಿಗೆ ಬಟ್ಟೆ, ಚಪ್ಪಲಿ-ಬೂಟು ಎಂದು ದೊಡ್ಡದಾಗಿ ಬೇರೆ ಮಾಡುತ್ತಾರೆ. ಆಮೇಲೆ ಒಂದೊಂದನ್ನೂ ಕೈಯಲ್ಲಿ ಹಿಡಿದು ಕಾಲರ್, ಕಂಕುಳು, ಜಿಪ್ ನೋಡಿ, ಬೆಳಕಿಗೊಡ್ಡಿ ಕಲೆ ಹುಡುಕುತ್ತಾರೆ. ಪಳಗಿದ ಕೈಗೆ ಕೆಲವೇ ಸೆಕೆಂಡ್ ಸಾಕು. ಆದರೆ ಕೈ ಪಳಗಲು ತಿಂಗಳುಗಳು ಬೇಕು.

ಅಂಗಡಿಯಲ್ಲಿ ಬಿಡಿಯಾಗಿ ಮಾರಬಹುದಾದ ಮೇಲ್ದರ್ಜೆಯ ಮಾಲಿಗೆ ಫ್ರೆಂಚರು ಇಟ್ಟ ಹೆಸರು 'ಕ್ರೆಮ್', ನಮ್ಮ ಕೆನೆ. ನೂರು ಕಿಲೋದಲ್ಲಿ ಅದು ಸಿಗುವುದು ಕೆಲವೇ ಕಿಲೋ. ಲ ರಲೇಯ ಡಿಂಗ್ ಫ್ರಿಂಗ್ ಅಂಗಡಿಗಳಲ್ಲಿ ಮಾರಾಟವಾಗುವುದು ಇಂಥದ್ದೇ. ತೊಡಬಹುದಾದ ಉಳಿದದ್ದು ಬೇಲು ಕಟ್ಟಿಸಿಕೊಂಡು ಕಿಲೋ ಲೆಕ್ಕದಲ್ಲಿ, ಹೆಚ್ಚಾಗಿ ಹೊರದೇಶಕ್ಕೆ ಹೋಗುತ್ತದೆ. ಹರಿದ ಹತ್ತಿ ಬಟ್ಟೆ, ಗುಂಡಿ-ಜಿಪ್ ಕತ್ತರಿಸಿಕೊಂಡು ವರ್ಕ್‌ಶಾಪಿನ ಒರೆಸುವ ಬಟ್ಟೆಯಾಗುತ್ತದೆ. ಪಾಲಿಯೆಸ್ಟರ್ ಇದಕ್ಕೂ ಬಾರದು, ಎಣ್ಣೆ-ನೀರು ಸರಿಯಾಗಿ ಹೀರುವುದಿಲ್ಲ. ಜೀನ್ಸ್ ಮತ್ತು ಹತ್ತಿಯನ್ನು ಎಳೆಎಳೆಯಾಗಿ ಬಿಡಿಸಿ, ಹಿಡಿದಿಡಲು ಒಂದಿಷ್ಟು ಪಾಲಿಯೆಸ್ಟರ್ ಬೆರೆಸಿ 'ಮೆಟಿಸ್' ಎಂಬ ಗೋಡೆಯ ಶಾಖನಿರೋಧಕ ಹಾಸು ಮಾಡುತ್ತಾರೆ. ಮತ್ತೆ ನೂಲು ತೆಗೆಯುವುದು ಸುಲಭವಲ್ಲ: ಯಂತ್ರ ಹಿಂಜಿದಾಗ ಎಳೆ ಗಿಡ್ಡವಾಗುತ್ತದೆ, ಹಿಗ್ಗುವ ಎಳೆಯಾದ ಇಲಾಸ್ಟೇನ್ ಬೆರೆತಿದ್ದರೆ ಇನ್ನೂ ಕಷ್ಟ. ನಮ್ಮ ಪಾಣಿಪತ್‌ನವರು ಹಳೆ ಉಣ್ಣೆಯಿಂದ ನೂಲು ತೆಗೆದು ಕಂಬಳಿ ನೇಯ್ದು ಬದುಕಿದ್ದು ಬೆರಕೆಯಿಲ್ಲದೆ ಉಣ್ಣೆ ಉಣ್ಣೆಯಾಗಿದ್ದ ಕಾಲದಲ್ಲಿ.

ಈಗ ಲೆಕ್ಕ. ತೂತುಬಿದ್ದ ಟೀ-ಶರ್ಟ್ ಹಿಡಿದು ನೋಡಲು ಎಷ್ಟು ಹೊತ್ತೋ, ಒಳ್ಳೆ ಕೋಟು ನೋಡಲೂ ಹೆಚ್ಚುಕಡಿಮೆ ಅಷ್ಟೇ. ಸಂಬಳ ಒಂದೇ, ಲಾರಿ ಬಾಡಿಗೆ ಒಂದೇ. ಕೋಟು ದುಡಿದು ಟೀ-ಶರ್ಟನ್ನು ಸಾಕುತ್ತದೆ. ಕೋಟು ಬಾರದಿದ್ದರೆ ಟೀ-ಶರ್ಟಿನ ಖರ್ಚು ಕೊಡುವವರಿಲ್ಲ. ಯಾವುದಕ್ಕೂ ಬಾರದ್ದನ್ನು ಸಾಗಹಾಕಲು ಕೈಯಿಂದಲೇ ಹಣ ತೆರಬೇಕು. ಕೋಟನ್ನು ವಿಂಟೆಡ್ ಆ್ಯಪ್‌ನಲ್ಲಿ ಮಾರಿ, ಮಿಕ್ಕದ್ದನ್ನು ಡಬ್ಬಿಗೆ ತುರುಕಿ 'ದಾನ ಮಾಡಿದೆ' ಎನ್ನುವವರು ಇದನ್ನು ಇನ್ನೊಮ್ಮೆ ಓದಬೇಕು. ಮಾರುವುದು ತಪ್ಪಲ್ಲ, ಕೆನೆ ತೆಗೆದ ಮೇಲೂ ಅದು ಹಾಲೇ ಎಂದುಕೊಳ್ಳುವುದು ತಪ್ಪು. ಹಳೆ ಬಟ್ಟೆಗೆ ಪಾತ್ರೆ ಕೊಡುವ ನಮ್ಮೂರಿನ ಹೆಂಗಸಿಗೆ ಇದು ಬಾಯಿಪಾಠ. ಜರಿ ಸೀರೆ ಬಚ್ಚಿಟ್ಟು ಬರೀ ಬನಿಯನ್ ಮುಂದಿಟ್ಟರೆ ಆಕೆ ಒಂದು ಚಮಚವನ್ನೂ ಕೊಡುವುದಿಲ್ಲ.

2025ರ ಜನವರಿ 1ರಿಂದ ಐರೋಪ್ಯ ಒಕ್ಕೂಟದಲ್ಲಿ ಬಟ್ಟೆಯನ್ನು ಪ್ರತ್ಯೇಕವಾಗಿ ಸಂಗ್ರಹಿಸುವುದು ಕಡ್ಡಾಯ. ಒಳ್ಳೆಯದೇ. ಆದರೆ ಟನ್ನು ಏರಿದರೆ ಕೆನೆಯೂ ಏರಬೇಕೆಂದಿಲ್ಲ. ಸ್ವೀಡನ್ನಿನಲ್ಲಿ ಹರಕು ಬಟ್ಟೆ ಬಂದು ಬಿದ್ದದ್ದು ಕಂಡು, ಅದೇ ವರ್ಷದ ಅಕ್ಟೋಬರಿನಿಂದ ಅದನ್ನು ಮತ್ತೆ ಮಾಮೂಲಿ ಕಸಕ್ಕೆ ಹಾಕಲು ಬಿಟ್ಟರು. ಫ್ರಾನ್ಸಿನಲ್ಲಿ ಬಟ್ಟೆ ಕಂಪನಿಗಳ ವಂತಿಗೆಯಿಂದ ರೀಫ್ಯಾಷನ್ ಸಂಸ್ಥೆ ವಿಂಗಡಣೆಗೆ ಕೊಡುತ್ತಿದ್ದದ್ದು ಟನ್ನಿಗೆ 156 ಯೂರೋ. ಸಾಲದೆಂದು 2025ರ ಜುಲೈನಲ್ಲಿ ಲ ರಲೇ ಕೆಲ ದಿನ ಸಂಗ್ರಹವನ್ನೇ ನಿಲ್ಲಿಸಿತು. ಸರ್ಕಾರ ಅದನ್ನು 223ಕ್ಕೆ ಏರಿಸಬೇಕಾಯಿತು. ಸ್ಪೇನ್ ಬೇರೆ ದಾರಿ ಹಿಡಿದಿದೆ: 2022ರ ಕಾಯ್ದೆಯಲ್ಲಿ ಹಳೆ ಬಟ್ಟೆ, ಪೀಠೋಪಕರಣ ಸಂಗ್ರಹದ ಸರ್ಕಾರಿ ಗುತ್ತಿಗೆಗಳ ಅರ್ಧ ಪಾಲನ್ನಾದರೂ ಇಂಥ ಸಾಮಾಜಿಕ ಸಂಸ್ಥೆಗಳಿಗೇ ಮೀಸಲಿಟ್ಟಿದೆ. ಯಾವುದು ಬಾಳಿಕೆ ಬರುತ್ತದೆಂದು ಈಗಲೇ ಹೇಳುವುದು ಅವಸರವಾದೀತು.

ಇನ್ನು ತೇವ. ಸರಿಯಾಗಿ ಒಣಗದ ಒಂದು ಟವೆಲ್ ಸಾಕು, ಕಟ್ಟಿದ ಚೀಲದೊಳಗೆ ಬೂಷ್ಟು ಹಬ್ಬಿ, ಪಕ್ಕದ ಉಣ್ಣೆ ಸ್ವೆಟರ್ ಸಮೇತ ಇಡೀ ಮೂಟೆ ಸುಡಲು ಹೋಗುತ್ತದೆ. ಡಬ್ಬಿ ತುಂಬಿದ್ದರೆ ಚೀಲವನ್ನು ಹೊರಗೆ ಇಟ್ಟುಬರಬೇಡಿ. ಮಳೆ ಬಂದರೆ ಅದೇ ಗತಿ. ಒಗೆದು, ಪೂರ್ತಿ ಒಣಗಿಸಿ, ಡಬ್ಬಿಯ ಬಾಯಿಗೆ ಹಿಡಿಸುವಷ್ಟೇ ಚೀಲದಲ್ಲಿ ತುಂಬಿ ಬಾಯಿ ಕಟ್ಟಿ. ಬೂಟುಗಳನ್ನು ಲೇಸಿನಿಂದ ಜೋಡಿಯಾಗಿ ಬಿಗಿಯಿರಿ, ಒಂಟಿ ಬೂಟಿಗೆ ಗಿರಾಕಿಯಿಲ್ಲ. ಹರಿದದ್ದನ್ನು ಹಾಕಬಹುದೇ ಎಂಬುದು ದೇಶಕ್ಕೊಂದು ಥರ: ಫ್ರಾನ್ಸಿನಲ್ಲಿ ಶುಭ್ರವಾಗಿ ಒಣಗಿದ್ದರೆ ಆಗಬಹುದು, ಜರ್ಮನಿಯಲ್ಲಿ ಹಲವು ಊರುಗಳು ಬೇಡ ಎನ್ನುತ್ತವೆ. ಡಬ್ಬಿಯ ಮೇಲೆ ಬರೆದದ್ದನ್ನು ಓದಿ. ಮತ್ತೆ ಆ ಕೋಟು, ಸಾಧ್ಯವಾದರೆ, ಚೀಲದೊಳಗೇ ಇರಲಿ.