ಛೇದದಲ್ಲಿರುವವರು ಯಾರು?

ಒಂದು ನಗರದಲ್ಲಿ ವರ್ಷಕ್ಕೆ 770 ಜನ ತೀರಿಕೊಂಡರು, ಇನ್ನೊಂದರಲ್ಲಿ 1,340 ಜನ ತೀರಿಕೊಂಡರು ಎಂದುಕೊಳ್ಳೋಣ. ಎರಡರಲ್ಲೂ ತಲಾ ಒಂದು ಲಕ್ಷ ಜನರಿದ್ದರೆ ಮೊದಲನೆಯದರ ಮರಣ ದರ ಸಾವಿರಕ್ಕೆ 7.7, ಎರಡನೆಯದರದು 13.4. ಈ ಎರಡು ಅಂಕಿಗಳನ್ನು ನೋಡಿದ ಯಾರಿಗಾದರೂ ಎರಡನೆಯ ನಗರದಲ್ಲಿ ಆರೋಗ್ಯದ ಸ್ಥಿತಿ ಕೆಟ್ಟಿದೆ ಎನಿಸುವುದು ಸಹಜ. ಈಗ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮೊದಲ ನಗರದಲ್ಲಿ 60 ದಾಟಿದವರು 10,000 ಮಂದಿ. ಅವರಲ್ಲಿ ಸಾವಿರಕ್ಕೆ 50 ಮಂದಿ, ಉಳಿದ 90,000 ಮಂದಿಯಲ್ಲಿ ಸಾವಿರಕ್ಕೆ 3 ಮಂದಿ ಸತ್ತರು. ಎರಡನೆಯ ನಗರದಲ್ಲಿ 60 ದಾಟಿದವರು 30,000. ಅವರಲ್ಲಿ ಸಾವಿರಕ್ಕೆ 40, ಕಿರಿಯರಲ್ಲಿ ಸಾವಿರಕ್ಕೆ 2 ಮಂದಿ ಸತ್ತರು. ಹಿರಿಯರಿಗೂ ಕಿರಿಯರಿಗೂ ಎರಡನೆಯ ನಗರವೇ ಹೆಚ್ಚು ಸುರಕ್ಷಿತ. ಆದರೂ ಒಟ್ಟು ಮರಣ ದರದಲ್ಲಿ ಅದೇ ಮುಂದಿದೆ, ಏಕೆಂದರೆ ಅಲ್ಲಿ ವಯಸ್ಸಾದವರು ಹೆಚ್ಚು. ಅದರ ಮರಣ ದರಗಳನ್ನು ಮೊದಲ ನಗರದ ವಯೋರಚನೆಗೆ ಅನ್ವಯಿಸಿ ನೋಡಿದರೆ ಸಾವುಗಳು 580ಕ್ಕೆ, ದರ 5.8ಕ್ಕೆ ಇಳಿಯುತ್ತದೆ.

ಇಂಥ ಲೆಕ್ಕವನ್ನು ವಯೋಪ್ರಮಾಣೀಕರಣ ಎನ್ನುತ್ತಾರೆ. ಇದು ಕಾಗದದ ಮೇಲಿನ ಕಸರತ್ತಲ್ಲ. ಜಪಾನಿನಲ್ಲಿ ಈಗ ವರ್ಷಕ್ಕೆ ಸಾವಿರಕ್ಕೆ 12ಕ್ಕೂ ಹೆಚ್ಚು ಜನ ಸಾಯುತ್ತಾರೆ. ಭಾರತದಲ್ಲಿ ಸರಿಸುಮಾರು ಅದರ ಅರ್ಧದಷ್ಟು. ಆದರೆ ಜಪಾನಿನ ಜೀವಿತಾವಧಿ 84 ವರ್ಷಗಳ ಆಸುಪಾಸಿನಲ್ಲಿದೆ, ಭಾರತದ್ದು ಅದಕ್ಕಿಂತ ಹತ್ತಕ್ಕೂ ಮಿಕ್ಕಿ ವರ್ಷ ಕಡಿಮೆ. ಒಟ್ಟು ಸಾವುಗಳನ್ನು ಒಟ್ಟು ಜನರಿಂದ ಭಾಗಿಸಿ ಬರುವ ದರಕ್ಕೆ ‘ಕಚ್ಚಾ’ ಎಂಬ ವಿಶೇಷಣ ಸೇರಿಸುವುದು ಈ ಕಾರಣಕ್ಕಾಗಿಯೇ. ಸುದ್ದಿಗಳಲ್ಲಿ ಆ ವಿಶೇಷಣ ಮೊದಲು ಬಿಟ್ಟುಹೋಗುತ್ತದೆ, ಅದರ ಜೊತೆಗೆ ಎಚ್ಚರಿಕೆಯೂ.

ಭಿನ್ನರಾಶಿಯ ಅಂಶ ಎಲ್ಲರ ಕಣ್ಣಿಗೂ ಬೀಳುತ್ತದೆ: ಇಷ್ಟು ಜನನ, ಇಷ್ಟು ಮರಣ, ಇಷ್ಟು ವಲಸೆ. ಅದನ್ನು ಭಾಗಿಸುವ ಸಂಖ್ಯೆಯಾದ ಛೇದವನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಜನಸಂಖ್ಯಾಶಾಸ್ತ್ರದ ಬಹುಪಾಲು ಜಾಣ್ಮೆ ಇರುವುದು ಆ ಛೇದದಲ್ಲಿ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬ ನಿರ್ಧಾರದಲ್ಲಿ ಎಂದು ನನ್ನ ಖಚಿತ ಅಭಿಪ್ರಾಯ. ನಿಯಮ ಸರಳವಾದದ್ದು: ಯಾವ ಘಟನೆಯನ್ನು ಎಣಿಸುತ್ತಿದ್ದೇವೆಯೋ ಅದಕ್ಕೆ ಒಳಗಾಗುವ ಸಾಧ್ಯತೆ ಇದ್ದವರು ಮಾತ್ರ, ಅವರು ಆ ಸಾಧ್ಯತೆಯಲ್ಲಿ ಕಳೆದ ಕಾಲದಷ್ಟು ಮಾತ್ರ, ಛೇದಕ್ಕೆ ಸೇರಬೇಕು. ವರ್ಷದ ನಡುವೆ ಸತ್ತವರು ಅಥವಾ ಊರು ಬಿಟ್ಟವರು ಇಡೀ ವರ್ಷ ಅಲ್ಲಿರಲಿಲ್ಲ. ಮಾರ್ಚಿನಲ್ಲಿ ಹುಟ್ಟಿದ ಮಗು ಜನವರಿಯಲ್ಲಿ ಇರಲಿಲ್ಲ. ಪ್ರತಿಯೊಬ್ಬರೂ ಅಲ್ಲಿ ಬದುಕಿದ ಕಾಲವನ್ನು ಕೂಡಿಸಿದರೆ ಬರುವ ಮೊತ್ತಕ್ಕೆ ವ್ಯಕ್ತಿ-ವರ್ಷಗಳು ಎಂದು ಹೆಸರು. ಅದನ್ನು ಒಬ್ಬೊಬ್ಬರಿಗೂ ಲೆಕ್ಕ ಹಾಕುವುದು ಕಷ್ಟವಾದ್ದರಿಂದ ವರ್ಷದ ಮಧ್ಯದ, ಅಂದರೆ ಜುಲೈ 1ರ ಜನಸಂಖ್ಯೆಯನ್ನು ಅದರ ಬದಲಿಗೆ ಬಳಸುವ ರೂಢಿ ಇದೆ.

ಜನಸಂಖ್ಯೆ ಬದಲಾಗುವುದು ನಾಲ್ಕೇ ದಾರಿಗಳಿಂದ. ಹುಟ್ಟುವವರು ಮತ್ತು ಒಳಬರುವವರು ಅದನ್ನು ಹೆಚ್ಚಿಸುತ್ತಾರೆ, ಸಾಯುವವರು ಮತ್ತು ಹೊರಹೋಗುವವರು ತಗ್ಗಿಸುತ್ತಾರೆ. ಜನನದಲ್ಲಿ ಮರಣವನ್ನು ಕಳೆದರೆ ಸ್ವಾಭಾವಿಕ ಹೆಚ್ಚಳ ಸಿಗುತ್ತದೆ. ಬೆಳವಣಿಗೆಯ ದರ ಗೊತ್ತಿದ್ದರೆ 70ನ್ನು ಅದರಿಂದ ಭಾಗಿಸಿ ಜನಸಂಖ್ಯೆ ಇಮ್ಮಡಿಯಾಗಲು ಬೇಕಾದ ವರ್ಷಗಳನ್ನು ಅಂದಾಜು ಮಾಡಬಹುದು. ವರ್ಷಕ್ಕೆ ಶೇ 2ರಂತೆ ಬೆಳೆದರೆ 35 ವರ್ಷ. 1960ರ ದಶಕದಲ್ಲಿ ಜಗತ್ತು ಶೇ 2ಕ್ಕೂ ಮಿಕ್ಕಿದ ವೇಗದಲ್ಲಿ ಬೆಳೆಯುತ್ತಿತ್ತು. ಈಗ ಅದು ಶೇ 1ಕ್ಕಿಂತ ಕೆಳಗಿದೆ.

ಕೆಲವು ದರಗಳಲ್ಲಿ ಛೇದ ಇಡೀ ಜನಸಂಖ್ಯೆಯಾಗಿರುವುದೇ ಇಲ್ಲ. ಶಿಶು ಮರಣ ದರದಲ್ಲಿ, ಮೊದಲ ಹುಟ್ಟುಹಬ್ಬಕ್ಕೆ ಮುನ್ನ ತೀರಿಕೊಂಡ ಮಕ್ಕಳ ಸಂಖ್ಯೆಯನ್ನು ಅದೇ ವರ್ಷದ ಜೀವಂತ ಜನನಗಳಿಂದ ಭಾಗಿಸುತ್ತಾರೆ. ವೃದ್ಧರು ಎಷ್ಟಿದ್ದಾರೆ ಎಂಬುದು ಈ ಲೆಕ್ಕವನ್ನು ತಟ್ಟುವುದಿಲ್ಲ. ಆದ್ದರಿಂದಲೇ ದೇಶದೇಶಗಳನ್ನು ಹೋಲಿಸಲು ಅದು ಕಚ್ಚಾ ಮರಣ ದರಕ್ಕಿಂತ ಎಷ್ಟೋ ನಂಬಿಕೆಗೆ ಅರ್ಹ. ಆಯ್ದ ಪ್ರದೇಶಗಳ ಜನನ ಮರಣಗಳನ್ನು ದಾಖಲಿಸುವ ಭಾರತದ ಮಾದರಿ ನೋಂದಣಿ ಪದ್ಧತಿಯ ಪ್ರಕಾರ 1971ರಲ್ಲಿ ಸಾವಿರ ಜನನಗಳಿಗೆ 129 ಇದ್ದ ಈ ದರ 2020ರಲ್ಲಿ 28ಕ್ಕೆ ಇಳಿದಿತ್ತು. ಜನಸಂಖ್ಯೆಯ ಅಂಕಿಅಂಶಗಳಲ್ಲಿ ನನಗೆ ಇದಕ್ಕಿಂತ ಸಮಾಧಾನ ಕೊಡುವ ಇಳಿಕೆ ಬೇರೊಂದಿಲ್ಲ.

ತಪ್ಪು ಛೇದಕ್ಕೆ ಒಳ್ಳೆಯ ನಿದರ್ಶನ ವಿಚ್ಛೇದನದ ಲೆಕ್ಕ. ಒಂದು ವರ್ಷದ ವಿಚ್ಛೇದನಗಳನ್ನು ಅದೇ ವರ್ಷದ ಮದುವೆಗಳಿಂದ ಭಾಗಿಸಿ ಅರ್ಧದಷ್ಟು ಮದುವೆಗಳು ಮುರಿಯುತ್ತಿವೆ ಎಂದು ಹೇಳುವವರಿದ್ದಾರೆ. ಈ ವರ್ಷ ಬೇರೆಯಾದವರು ಮದುವೆಯಾದದ್ದು ಐದು, ಹತ್ತು, ಮೂವತ್ತು ವರ್ಷಗಳ ಹಿಂದೆ. ಯುವಜನರ ಸಂಖ್ಯೆ ಕಡಿಮೆಯಾಗಿ ಹೊಸ ಮದುವೆಗಳು ಇಳಿದರೆ, ಒಂದೇ ಒಂದು ದಾಂಪತ್ಯವೂ ಹೆಚ್ಚುವರಿಯಾಗಿ ಮುರಿಯದಿದ್ದರೂ ಈ ಅನುಪಾತ ಏರುತ್ತದೆ.

ಸರಿಯಾದ ಛೇದ ಸಿಗದಿದ್ದಾಗ ಏನು ಮಾಡಬೇಕು ಎಂಬ ಪ್ರಶ್ನೆಯೊಂದಿಗೇ ಈ ಶಾಸ್ತ್ರ ಹುಟ್ಟಿತೆನ್ನಬಹುದು. ಲಂಡನ್ನಿನ ವ್ಯಾಪಾರಿ ಜಾನ್ ಗ್ರಾಂಟ್ 1662ರಲ್ಲಿ ಆ ನಗರದ ಮರಣ ಪಟ್ಟಿಗಳನ್ನು ವಿಶ್ಲೇಷಿಸಿ ಪ್ರಕಟಿಸಿದ. ಆ ಪಟ್ಟಿಗಳಲ್ಲಿ ಸಾವಿನ ಕಾರಣವಿತ್ತು, ಸತ್ತವರ ವಯಸ್ಸಿರಲಿಲ್ಲ. ಯಾವ ಕಾಯಿಲೆಗಳು ಚಿಕ್ಕ ಮಕ್ಕಳನ್ನೇ ಕೊಲ್ಲುತ್ತವೆ ಎಂಬ ತಿಳಿವಳಿಕೆಯ ಬಲದಿಂದ ಅವನು ನೂರರಲ್ಲಿ 36 ಮಂದಿ ಆರು ವರ್ಷ ತುಂಬುವ ಮೊದಲೇ ಸಾಯುತ್ತಾರೆಂದು ಅಂದಾಜಿಸಿದ. 16ನೇ ವಯಸ್ಸಿಗೆ ಉಳಿಯುವವರು 40, 36ಕ್ಕೆ 16, 76ಕ್ಕೆ ಒಬ್ಬರು ಎಂದು ಮುಂದಿನದನ್ನು ತುಂಬಿದ. ಆ ಅಂಕಿಗಳಲ್ಲಿ ಬಹಳಷ್ಟು ಊಹೆಯೇ. ಆದರೆ ಒಂದು ಗುಂಪು ಒಟ್ಟಿಗೆ ಹುಟ್ಟಿ ವಯಸ್ಸಿನಿಂದ ವಯಸ್ಸಿಗೆ ಕರಗುತ್ತಾ ಹೋಗುವುದನ್ನು ಕೋಷ್ಟಕದಲ್ಲಿ ಬರೆದಿಡಬಹುದು ಎಂಬ ಕಲ್ಪನೆ ಅಲ್ಲಿಂದ ಬಂತು.

ಮುಂದಿನ ಹೆಜ್ಜೆ ಇಟ್ಟವನು ಖಗೋಳಜ್ಞ ಎಡ್ಮಂಡ್ ಹ್ಯಾಲಿ. ಈಗ ಪೋಲೆಂಡಿನಲ್ಲಿರುವ ಬ್ರೆಸ್ಲಾವ್ ನಗರದ ಪಾದ್ರಿ ಕಾಸ್ಪರ್ ನಾಯ್ಮನ್ ಜನನಗಳನ್ನೂ ವಯಸ್ಸಿನ ಸಮೇತ ಮರಣಗಳನ್ನೂ ದಾಖಲಿಸಿಟ್ಟಿದ್ದರು. ಸತ್ತವರ ಪಟ್ಟಿ ಹ್ಯಾಲಿಯ ಕೈಯಲ್ಲಿತ್ತು, ಬದುಕಿರುವವರ ಎಣಿಕೆ ಇರಲಿಲ್ಲ. ಬ್ರೆಸ್ಲಾವ್‌ನಲ್ಲಿ ವರ್ಷಕ್ಕೆ 1,238 ಜನನಗಳಿಗೆ 1,174 ಮರಣಗಳಿದ್ದು ಎರಡೂ ಹೆಚ್ಚುಕಡಿಮೆ ಸರಿದೂಗುತ್ತಿದ್ದವು. ಹೊರಗಿನಿಂದ ಬರುವವರೂ ಕಡಿಮೆ. ಹಾಗಿದ್ದಲ್ಲಿ ಪ್ರತಿ ವಯಸ್ಸಿನ ಸಾವುಗಳನ್ನು ಹುಟ್ಟಿನ ಸಂಖ್ಯೆಯಿಂದ ಕಳೆಯುತ್ತಾ ಹೋದರೆ ಆಯಾ ವಯಸ್ಸಿನಲ್ಲಿ ಎಷ್ಟು ಜನ ಬದುಕಿದ್ದಾರೆಂಬುದು ತಾನಾಗಿ ಹೊರಬೀಳುತ್ತದೆ. ಕಾಣದ ಛೇದವನ್ನು ಕಾಣುವ ಅಂಶದಿಂದಲೇ ಕಟ್ಟಿಕೊಂಡ ಈ ಕೋಷ್ಟಕ 1693ರಲ್ಲಿ ಪ್ರಕಟವಾಯಿತು. ಜೀವ ವರ್ಷಾಶನಕ್ಕೆ, ಅಂದರೆ ಒಬ್ಬರು ಬದುಕಿರುವವರೆಗೆ ವರ್ಷವರ್ಷವೂ ಹಣ ಕೊಡುವ ಒಪ್ಪಂದಕ್ಕೆ, ಎಷ್ಟು ಬೆಲೆ ಕಟ್ಟಬೇಕೆಂಬುದನ್ನು ಹ್ಯಾಲಿ ಅದರಿಂದಲೇ ಲೆಕ್ಕ ಹಾಕಿ ತೋರಿಸಿದ.

ಜೀವಿತಾವಧಿ ಎಂಬ ಅಂಕಿ ಇಂಥ ಜೀವನ ಕೋಷ್ಟಕದ ಫಲ. ಇದನ್ನು ತಪ್ಪಾಗಿ ಓದುವಷ್ಟು ಬೇರಾವುದನ್ನೂ ಓದುವುದಿಲ್ಲವೇನೋ. ನೂರು ಮಕ್ಕಳಲ್ಲಿ ಮೂವತ್ತು ಮಕ್ಕಳು ಸರಾಸರಿ ಆರು ತಿಂಗಳಲ್ಲಿ ಸತ್ತು, ಉಳಿದ ಎಪ್ಪತ್ತು ಮಂದಿ ಸರಾಸರಿ 60 ವರ್ಷ ಬದುಕಿದರೆ ಆ ಗುಂಪಿನ ಜೀವಿತಾವಧಿ ಸುಮಾರು 42 ವರ್ಷ. ಅದರಲ್ಲಿ 42ರ ಆಸುಪಾಸಿನಲ್ಲಿ ಸತ್ತವರು ಒಬ್ಬರೂ ಇಲ್ಲದಿರಬಹುದು. ಹಿಂದಿನ ಕಾಲದ ಜೀವಿತಾವಧಿ 30 ಅಥವಾ 35 ಎಂದು ಓದಿ, ಆಗ ಮೂವತ್ತಕ್ಕೇ ಮುದುಕರಾಗುತ್ತಿದ್ದರು ಎಂದು ಭಾವಿಸುವುದು ಆ ಕಾಲದ ಎಳೆಯ ಮಕ್ಕಳ ಸಾವುಗಳನ್ನು ಮರೆತಂತೆ. ಇನ್ನೊಂದು ಸೂಕ್ಷ್ಮವೂ ಇದೆ. ಇಂದು ಹುಟ್ಟಿದ ಮಗು 70ನೇ ವಯಸ್ಸಿನಲ್ಲಿ ಎದುರಿಸಲಿರುವ ಮರಣ ದರ ಇನ್ನೂ ಯಾರಿಗೂ ತಿಳಿಯದು. ಆದ್ದರಿಂದ ಇಂದು 70 ವರ್ಷದವರು ಎದುರಿಸುತ್ತಿರುವ ದರವನ್ನೇ ಅದಕ್ಕೆ ಅನ್ವಯಿಸುತ್ತಾರೆ. ಒಂದು ಸಾಂಕ್ರಾಮಿಕದ ವರ್ಷದಲ್ಲಿ ಜೀವಿತಾವಧಿ ಇಳಿದು ಮರುವರ್ಷ ಏರುವುದು ಹೀಗೆ. ಅದು ಒಂದು ವರ್ಷದ ಪರಿಸ್ಥಿತಿಯ ಚಿತ್ರ, ಆ ವರ್ಷ ಹುಟ್ಟಿದವರ ಭವಿಷ್ಯವಾಣಿಯಲ್ಲ.

ಒಟ್ಟು ಫಲವತ್ತತೆ ದರವನ್ನೂ ಹೀಗೆಯೇ ಕಟ್ಟಲಾಗುತ್ತದೆ. 15ರಿಂದ 49 ವರ್ಷದ ಮಹಿಳೆಯರನ್ನು ಐದೈದು ವರ್ಷಗಳ ಏಳು ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿನಲ್ಲಿ ಸಾವಿರ ಮಹಿಳೆಯರಿಗೆ ವರ್ಷಕ್ಕೆ ಎಷ್ಟು ಮಕ್ಕಳು ಹುಟ್ಟಿದರೆಂದು ನೋಡುತ್ತಾರೆ. ಅವು ಕ್ರಮವಾಗಿ 20, 120, 150, 80, 40, 10 ಮತ್ತು 0 ಎಂದಿರಲಿ. ಮೊತ್ತ 420, ಒಬ್ಬ ಮಹಿಳೆ ಪ್ರತಿ ಗುಂಪಿನಲ್ಲೂ ಐದು ವರ್ಷ ಕಳೆಯುವುದರಿಂದ ಐದರಿಂದ ಗುಣಿಸಿದರೆ ಸಾವಿರ ಮಹಿಳೆಯರಿಗೆ 2,100, ಅಂದರೆ ತಲಾ 2.1 ಮಕ್ಕಳು. ಇಲ್ಲಿರುವ ಮಹಿಳೆ ಲೆಕ್ಕಕ್ಕಾಗಿ ಕಲ್ಪಿಸಿಕೊಂಡವಳು. ಬೇರೆ ಬೇರೆ ವಯಸ್ಸಿನ ನಿಜವಾದ ಮಹಿಳೆಯರ ಒಂದು ವರ್ಷದ ಅನುಭವವನ್ನು ಜೋಡಿಸಿ ಅವಳ ಇಡೀ ಬದುಕನ್ನು ರಚಿಸಲಾಗಿದೆ.

ಈ ಜೋಡಣೆ ಎಷ್ಟು ಸುಲಭವಾಗಿ ಕದಲುತ್ತದೆ ಎಂಬುದನ್ನು 1966ರ ಜಪಾನ್ ತೋರಿಸಿತು. ಅರವತ್ತು ವರ್ಷಗಳಿಗೊಮ್ಮೆ ಬರುವ ‘ಬೆಂಕಿ ಕುದುರೆ’ ಎಂಬ ಸಂವತ್ಸರ ಅದು. ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ತರುತ್ತಾಳೆಂಬ ಮೂಢನಂಬಿಕೆಯಿಂದಾಗಿ ಬಹಳಷ್ಟು ದಂಪತಿಗಳು ಮಗುವನ್ನು ಮುಂದೂಡಿದರು ಅಥವಾ ಬೇಡವೆಂದರು. 1965ರಲ್ಲಿ 18 ಲಕ್ಷ ದಾಟಿದ್ದ ಜನನಗಳು ಒಂದೇ ವರ್ಷದಲ್ಲಿ ಸುಮಾರು 13.6 ಲಕ್ಷಕ್ಕೆ ಕುಸಿದು, 1967ರಲ್ಲಿ 19 ಲಕ್ಷ ದಾಟಿದವು. ಒಟ್ಟು ಫಲವತ್ತತೆ ದರ 2.14ರಿಂದ 1.58ಕ್ಕೆ ಇಳಿದು ಮತ್ತೆ 2.23ಕ್ಕೆ ಏರಿತು. ಜಪಾನಿನ ಮಹಿಳೆಯರು ಬದುಕಿನುದ್ದಕ್ಕೂ ಹೆರುವ ಮಕ್ಕಳ ಸಂಖ್ಯೆ ಹೀಗೆ ಒಂದು ವರ್ಷದಲ್ಲಿ ಬಿದ್ದು ಎದ್ದಿತೆಂದು ಯಾರೂ ಹೇಳಲಾರರು. ಇಡೀ ಸಮಾಜ ಮೊದಲ ಮಗುವನ್ನು ನಿಧಾನವಾಗಿ ತಡ ಮಾಡುತ್ತಾ ಹೋದಾಗಲೂ, ಇಷ್ಟು ನಾಟಕೀಯವಾಗಿ ಅಲ್ಲದಿದ್ದರೂ, ಇದೇ ಬಗೆಯ ಇಳಿಕೆ ವರ್ಷಗಟ್ಟಲೆ ಕಾಣಿಸಿಕೊಳ್ಳುತ್ತದೆ. 2023ರಲ್ಲಿ ದಕ್ಷಿಣ ಕೊರಿಯಾ ದಾಖಲಿಸಿದ 0.72ರಂಥ ಅಂಕಿಯಲ್ಲಿ ತಡವಾಗುತ್ತಿರುವುದೆಷ್ಟು, ಇಲ್ಲವಾಗುತ್ತಿರುವುದೆಷ್ಟು ಎಂದು ಕೇಳದೆ ತೀರ್ಪು ಕೊಡುವುದು ಆತುರ.

ಒಂದು ತಲೆಮಾರಿನ ಜಾಗವನ್ನು ಮುಂದಿನದು ಸರಿಯಾಗಿ ತುಂಬಲು ಬೇಕಾದ ಫಲವತ್ತತೆಗೆ ಬದಲಿ ಮಟ್ಟ ಎನ್ನುತ್ತಾರೆ; 2.1 ಎಂಬ ಆ ಮಟ್ಟದ ಹಿಂದೆಯೂ ಛೇದದ ವಿಚಾರವೇ ಇದೆ. ಮುಂದಿನ ತಲೆಮಾರಿನ ಜನನಗಳಿಗೆ ಛೇದವಾಗುವವರು ಹೆಣ್ಣುಮಕ್ಕಳು. ಸಹಜವಾಗಿ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ಆದ್ದರಿಂದ 100 ತಾಯಂದಿರ ಜಾಗಕ್ಕೆ 100 ಹೆಣ್ಣುಮಕ್ಕಳು ಬರಬೇಕಾದರೆ 205 ಜನನಗಳು ಬೇಕು. ತಾಯಿಯಾಗುವ ವಯಸ್ಸಿಗೆ ಮುನ್ನ ಕೆಲವರು ಸಾಯುವುದರಿಂದ ಅದು 210ರ ಸಮೀಪಕ್ಕೆ ಬರುತ್ತದೆ. ಬಾಲ್ಯದ ಸಾವುಗಳು ಹೆಚ್ಚಿರುವಲ್ಲಿ, ಹುಟ್ಟುವ ಮೊದಲೇ ಹೆಣ್ಣನ್ನು ಅಳಿಸಿಹಾಕುವ ಅನ್ಯಾಯ ನಡೆಯುವಲ್ಲಿ, 2.1 ಸಾಲುವುದಿಲ್ಲ.

ಬದಲಿ ಮಟ್ಟಕ್ಕೆ ಇಳಿದ ಕೂಡಲೇ ಜನಸಂಖ್ಯೆ ನಿಲ್ಲುವುದೂ ಇಲ್ಲ. ಚೀನಾದ ಫಲವತ್ತತೆ 1990ರ ದಶಕದ ಆರಂಭದಲ್ಲೇ ಆ ಮಟ್ಟದ ಕೆಳಗಿಳಿದಿತ್ತು; ಜನಸಂಖ್ಯೆ ಕುಗ್ಗಲಾರಂಭಿಸಿದ್ದು 2022ರಲ್ಲಿ. ಭಾರತದ ದರ 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 2.0 ಇದ್ದರೂ ಇಲ್ಲಿ ಬೆಳವಣಿಗೆ ಇನ್ನೂ ಮುಂದುವರಿದಿದೆ. ಹಿಂದೆ ಹೆಚ್ಚು ಮಕ್ಕಳು ಹುಟ್ಟಿದ ಕಾಲದ ದೊಡ್ಡ ಪೀಳಿಗೆ ಈಗ ತಾಯ್ತಂದೆಯರ ವಯಸ್ಸಿನಲ್ಲಿರುತ್ತದೆ. ತಲಾ ಎರಡೇ ಮಕ್ಕಳಾದರೂ ಹುಟ್ಟುವವರ ಸಂಖ್ಯೆ, ಇನ್ನೂ ಚಿಕ್ಕದಿರುವ ವೃದ್ಧರ ಪೀಳಿಗೆಯಲ್ಲಿ ಸಾಯುವವರ ಸಂಖ್ಯೆಗಿಂತ ಹೆಚ್ಚಾಗಿರುತ್ತದೆ. ಈ ಆವೇಗ ತಿರುಗುಮುರುಗಾಗಿಯೂ ಕೆಲಸ ಮಾಡುತ್ತದೆ. ತಾಯ್ತನದ ವಯಸ್ಸಿನ ಪೀಳಿಗೆ ಚಿಕ್ಕದಾದ ಮೇಲೆ, ತಲಾ ಮಕ್ಕಳ ಸಂಖ್ಯೆ ಏರಿದರೂ ಒಟ್ಟು ಜನನಗಳು ಇಳಿಯುತ್ತಲೇ ಇರಬಹುದು.

ಇಷ್ಟೆಲ್ಲ ಲೆಕ್ಕದ ಅಡಿಪಾಯ ಜನರು ಹೇಳುವ ವಯಸ್ಸು ಮತ್ತು ಗಣತಿಗೆ ಸಿಗುವ ತಲೆಗಳು. ಹುಟ್ಟಿದ ದಿನಾಂಕ ಗೊತ್ತಿಲ್ಲದವರು 40, 45, 50 ಎಂದು ಹೇಳಿಬಿಡುತ್ತಾರೆ. 41, 49 ಎನ್ನುವವರು ವಿರಳ. 23ರಿಂದ 62 ವರ್ಷದವರಲ್ಲಿ ಸೊನ್ನೆ ಅಥವಾ ಐದರಿಂದ ಕೊನೆಯಾಗುವ ವಯಸ್ಸು ಹೇಳಿದವರ ಪಾಲನ್ನು ವಿಪ್ಪಲ್ ಸೂಚ್ಯಂಕ ಅಳೆಯುತ್ತದೆ: ಅದು 100 ಬಂದರೆ ಅಂಥ ಒಲವಿಲ್ಲ, 500 ಬಂದರೆ ಎಲ್ಲರೂ ಅದೇ ಅಂಕಿಗಳನ್ನು ಹೇಳಿದ್ದಾರೆ.

ಲೆಕ್ಕದಿಂದ ತಪ್ಪಿಹೋದವರನ್ನು ಅಂದಾಜು ಮಾಡುವುದು ಇನ್ನೂ ಕಠಿಣ. ಭಾರತದ ಜನಸಂಖ್ಯಾತಜ್ಞ ಸಿ. ಚಂದ್ರಶೇಖರನ್ ಮತ್ತು ಅಮೆರಿಕದ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ 1949ರಲ್ಲಿ ಅದಕ್ಕೊಂದು ಸೊಗಸಾದ ದಾರಿ ತೋರಿದರು. ನೋಂದಣಿ ಕಚೇರಿಯಲ್ಲಿ 800 ಜನನಗಳಿವೆ. ಬೇರೆಯೇ ತಂಡ ಮನೆಮನೆಗೆ ಹೋಗಿ 900 ಜನನಗಳನ್ನು ಪತ್ತೆ ಮಾಡಿದೆ. ಎರಡರಲ್ಲೂ ಇರುವವು 720 ಎಂದಿಟ್ಟುಕೊಳ್ಳಿ. ಮನೆಮನೆಯ ಪಟ್ಟಿಯ 900ರಲ್ಲಿ 720, ಅಂದರೆ ಶೇ 80, ಕಚೇರಿಯಲ್ಲೂ ದಾಖಲಾಗಿವೆ. ಹಾಗಾದರೆ ಕಚೇರಿಯ 800 ನಿಜವಾದ ಒಟ್ಟು ಜನನಗಳ ಶೇ 80 ಆಗಿರಬೇಕು, ಒಟ್ಟು 1,000. ಎರಡೂ ಪಟ್ಟಿಗಳನ್ನು ಸೇರಿಸಿದರೆ ಸಿಗುವುದು 980. ಉಳಿದ 20 ಮಕ್ಕಳು ಯಾವ ಪಟ್ಟಿಯಲ್ಲೂ ಇಲ್ಲದೆಯೇ ಲೆಕ್ಕಕ್ಕೆ ಬಂದರು. ಎರಡು ಪಟ್ಟಿಗಳು ಪರಸ್ಪರ ಸ್ವತಂತ್ರವಾಗಿದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಕಚೇರಿಗೆ ಹೋಗಲಾಗದ ಮನೆಯನ್ನು ಸಮೀಕ್ಷೆಯ ತಂಡವೂ ಬಿಟ್ಟುಬರುವ ಸಂಭವ ಹೆಚ್ಚಿದ್ದರೆ ಕಾಣದೆ ಉಳಿದವರು 20ಕ್ಕಿಂತ ಹೆಚ್ಚು. ಆದ್ದರಿಂದಲೇ ಚಂದ್ರಶೇಖರನ್ ಮತ್ತು ಡೆಮಿಂಗ್ ಇಡೀ ಪ್ರದೇಶಕ್ಕೆ ಒಂದೇ ಲೆಕ್ಕ ಮಾಡದೆ, ಜನರನ್ನು ಒಂದೇ ಬಗೆಯ ಸಣ್ಣ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಬೇರೆ ಬೇರೆಯಾಗಿ ಅಂದಾಜು ಮಾಡಿ ಆಮೇಲೆ ಕೂಡಿಸಬೇಕೆಂದು ಸೂಚಿಸಿದರು.