ಬೀಗದೊಳಗಿನ ಒಂದು ಗೆರೆ

ಬಾಗಿಲಿನ ಕೀಯನ್ನು ಬೀಗದೊಳಗೆ ತುಂಬಾ ನಿಧಾನವಾಗಿ ತೂರಿಸಿ ನೋಡಿ. ಟಿಕ್, ಟಿಕ್, ಟಿಕ್ ಅಂತ ಬೆರಳಿಗೆ ಏನೋ ತಾಗುತ್ತದೆ, ಅಲ್ವಾ? ಒಳಗಿರುವ ಪಿನ್‌ಗಳು ಕೀಯ ಹಲ್ಲುಗಳ ಮೇಲೆ ಹತ್ತಿ ಇಳಿಯುತ್ತಿರುವುದು ಅದು.

ಒಳಗೆ ಏನಿದೆ ಅಂದರೆ, ಒಂದು ಗಟ್ಟಿ ಕವಚ, ಅದರೊಳಗೆ ತಿರುಗುವ ಒಂದು ಉರುಳೆ. ಎರಡನ್ನೂ ಹಾದುಹೋಗುವ ಹಾಗೆ ಸಾಲಾಗಿ ಐದೋ ಆರೋ ತೂತು. ಪ್ರತಿ ತೂತಿನಲ್ಲೂ ಕೆಳಗೊಂದು ಪಿನ್, ಅದರ ಮೇಲೊಂದು ಪಿನ್, ಮೇಲಿನದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್. ಕೀ ಇಲ್ಲದಾಗ ಮೇಲಿನ ಪಿನ್ ಅರ್ಧ ಕವಚದಲ್ಲಿ, ಅರ್ಧ ಉರುಳೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಉರುಳೆ ಅಲ್ಲಾಡುವುದಿಲ್ಲ. ಕೆಳಗಿನ ಪಿನ್‌ಗಳ ಉದ್ದ ಒಂದೊಂದೂ ಬೇರೆ. ಸರಿಯಾದ ಕೀ ಬಂದರೆ ಎಲ್ಲಾ ಜೋಡಿಗಳ ಸಂದುಗಳೂ ಉರುಳೆಯ ಅಂಚಿನಲ್ಲೇ ಒಂದು ಗೆರೆಗೆ ಬಂದು ನಿಲ್ಲುತ್ತವೆ, ಆಗ ಅದು ತಿರುಗುತ್ತದೆ. ಒಂದೇ ಒಂದು ಪಿನ್ ಚೂರು ಜಾಸ್ತಿ ಎದ್ದರೂ ಆಗುವುದಿಲ್ಲ.

ಆ 'ಜಾಸ್ತಿ ಎದ್ದರೂ' ಅನ್ನುವುದಿದೆಯಲ್ಲ, ಬೀಗದ ಚರಿತ್ರೆಯ ದೊಡ್ಡ ಜಿಗಿತ ಅಲ್ಲೇ ಇದೆ ಅನ್ನುವುದು ನನ್ನ ಅನಿಸಿಕೆ. ಪಿನ್ ಬಳಸುವ ಯೋಚನೆಯಂತೂ ತುಂಬಾ ಹಳೆಯದು. ಪ್ರಾಚೀನ ಈಜಿಪ್ಟಿನ ಮರದ ಬೀಗದಲ್ಲಿ ಅಗುಳಿಯ ತೂತುಗಳಿಗೆ ಮೇಲಿನಿಂದ ಪುಟ್ಟ ಗೂಟಗಳು ಬಿದ್ದು ಕೂರುತ್ತಿದ್ದವು. ಕೀ ನೋಡಲು ದೊಡ್ಡ ಟೂತ್‌ಬ್ರಷ್ ಥರ, ಎಳೆಗಳ ಜಾಗದಲ್ಲಿ ಮೊಳೆಗಳು. ಒಳಗೆ ತೂರಿಸಿ ಮೇಲಕ್ಕೆತ್ತಿದರೆ ಗೂಟಗಳು ಏಳುತ್ತಿದ್ದವು, ಅಗುಳಿ ಸರಿಯುತ್ತಿತ್ತು. ಎಷ್ಟು ಎತ್ತಿದಿರಿ ಅನ್ನುವ ಲೆಕ್ಕ ಅದಕ್ಕೆ ಬೇಕಿರಲಿಲ್ಲ.

ಆ ಲೆಕ್ಕ ಬಂದದ್ದು 1778ರಲ್ಲಿ, ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಮಾಡಿದ ಲಿವರ್ ಬೀಗದಲ್ಲಿ, ಅಂದರೆ ಪಿನ್‌ಗಳ ಬದಲು ಸಣ್ಣ ಪಟ್ಟಿಗಳನ್ನು ಕೀ ಎತ್ತುವ ಬೀಗದಲ್ಲಿ. ಕಡಿಮೆ ಎತ್ತಿದರೂ ತೆರೆಯದು, ಹೆಚ್ಚು ಎತ್ತಿದರೂ ತೆರೆಯದು. ಮುಂದೆ ಅಮೆರಿಕದ ಲೈನಸ್ ಯೇಲ್ ಪಿನ್ ಬೀಗವನ್ನು 1848ರಲ್ಲಿ ಹೊಸದಾಗಿ ರೂಪಿಸಿದ. 1860ರ ದಶಕದಲ್ಲಿ ಅದೇ ಹೆಸರಿನ ಅವನ ಮಗ ಚಪ್ಪಟೆ ಕೀ ತಂದ, ಬೀಗವನ್ನು ಪುಟ್ಟ ಸಿಲಿಂಡರಿಗೆ ಇಳಿಸಿದ. ಅಲ್ಲಿಯವರೆಗೆ ಬಾಗಿಲು ದಪ್ಪವಾದಷ್ಟೂ ಕೀ ಉದ್ದವಾಗಬೇಕಿತ್ತು. ಇವನ ಕೀ ಸಿಲಿಂಡರಿನ ಒಳಕ್ಕಷ್ಟೇ ಹೋದರೆ ಸಾಕು. ನಮ್ಮ ಜೇಬಿನಲ್ಲಿರುವುದು ಹೆಚ್ಚುಕಮ್ಮಿ ಅದೇ ಕೀ.

ಈ ನಡುವೆ 1851ರಲ್ಲಿ ಲಂಡನ್ನಿನಲ್ಲಿ ಒಂದು ಘಟನೆ ನಡೆಯಿತು. ಬೀಗ ತಯಾರಕ ಜೋಸೆಫ್ ಬ್ರಾಮಾನ ಬೀಗ ಅಂಗಡಿಯ ಕಿಟಕಿಯಲ್ಲಿ ದಶಕಗಳಿಂದ ಕೂತಿತ್ತು, ಕೀ ಇಲ್ಲದೆ ತೆರೆದವರಿಗೆ 200 ಗಿನಿ (ಆಗಿನ ಬ್ರಿಟಿಷ್ ಹಣ) ಬಹುಮಾನ ಅನ್ನುವ ಸವಾಲಿನ ಜೊತೆ. ಅಮೆರಿಕದಿಂದ ಬಂದ ಆಲ್ಫ್ರೆಡ್ ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ಗಂಟೆ ಅದರ ಮುಂದೆ ಕೂತ. ತೆರೆದೇಬಿಟ್ಟ.

ಅದು ಪಿನ್ ಬೀಗವಲ್ಲ, ಆದರೆ ದೌರ್ಬಲ್ಯ ಒಂದೇ. ಪಿನ್ ಬೀಗದ ತೂತುಗಳನ್ನು ಎಷ್ಟೇ ಜೋಪಾನವಾಗಿ ಕೊರೆದರೂ ಅವು ಪೂರ್ತಿ ನೇರ ಸಾಲಿನಲ್ಲಿ ಇರುವುದಿಲ್ಲ, ಉರುಳೆ ತಿರುಗಬೇಕಾದರೆ ಸ್ವಲ್ಪ ಸಡಿಲವೂ ಬೇಕು. ಹಾಗಾಗಿ ಉರುಳೆಯನ್ನು ಮೆಲ್ಲಗೆ ತಿರುಚಿ ಹಿಡಿದರೆ ಎಲ್ಲಾ ಪಿನ್‌ಗಳೂ ಒಟ್ಟಿಗೆ ಬಿಗಿಯುವುದಿಲ್ಲ, ಒಂದು ಮೊದಲು ಬಿಗಿಯುತ್ತದೆ. ಅದನ್ನು ಹುಡುಕಿ ಗೆರೆಗೆ ಎತ್ತಿದರೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಇನ್ನೊಂದು. ಒಟ್ಟಿಗೆ ಗೆಲ್ಲಲಾಗದ ಐದನ್ನು ಒಂದೊಂದಾಗಿ ಗೆಲ್ಲುವುದು.

ಇದಕ್ಕೆ ತಯಾರಕರು ಕಂಡುಕೊಂಡ ಒಂದು ಉಪಾಯ ನನಗೆ ತುಂಬಾ ಇಷ್ಟ. ಮೇಲಿನ ಪಿನ್ನಿನ ನಡುವನ್ನು ದಾರದ ಉಂಡೆಯ ರೀಲಿನ ಹಾಗೆ ಸಣ್ಣ ಮಾಡುತ್ತಾರೆ. ಬಿಡಿಸಲು ಹೋದವನ ಕೈಯಲ್ಲಿ ಉರುಳೆ ಒಂಚೂರು ತಿರುಗುತ್ತದೆ, ತೆರೆದೇಹೋಯಿತು ಅನಿಸುತ್ತದೆ, ಆ ಸಣ್ಣ ನಡು ಅಂಚಿಗೆ ಸಿಕ್ಕಿ ಎಲ್ಲವೂ ಅಲ್ಲೇ ನಿಲ್ಲುತ್ತದೆ.